ಫೇನಮಣಿದರ್ಪಣಂ: ಮಕ್ತಲ್ ಸೀಮೆಯ ಕ್ಷೌರದ ನೊರೆಯನ್ನು ಕುರಿತ ಶಾಸ್ತ್ರಸಂಗ್ರಹ

ಕನ್ನಡದಲ್ಲಿ ಶಾಸ್ತ್ರಗ್ರಂಥಗಳಿಗೆ ಬರವಿಲ್ಲ. ಕೀರ್ತಿವರ್ಮ ದನಗಳ ರೋಗಕ್ಕೆಂದು ‘ಗೋವೈದ್ಯ’ ಬರೆದ. ಮಂಗರಾಜ ವಿಷಕ್ಕೆಂದೇ ‘ಖಗೇಂದ್ರಮಣಿದರ್ಪಣ’ ಬರೆದ. ಮೂರನೆಯ ಮಂಗರಸ ಅಡುಗೆಮನೆಗೆ ಹೊಕ್ಕು ‘ಸೂಪಶಾಸ್ತ್ರ’ ಬರೆದ. ಇವರೆಲ್ಲರಿಗಿಂತ ಮೊದಲೇ, 1025ರಲ್ಲಿ, ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಜ್ಯೋತಿಷ್ಯ, ಬಾವಿ ತೋಡುವ ಜಾಗ, ಗಿಡಮರದ ಆರೈಕೆ, ಸುಗಂಧದ್ರವ್ಯ, ಪಾಕ ಎಲ್ಲವನ್ನೂ ತುಂಬಿಟ್ಟ. ಇಷ್ಟು ಮಂದಿ ಸೇರಿ ಲೋಕಕ್ಕೆ ಉಪಕಾರ ಮಾಡಿದರೂ ಗದ್ದಕ್ಕೆ ಹಚ್ಚುವ ನೊರೆಯ ಬಗ್ಗೆ ಒಂದು ಅಧಿಕಾರವನ್ನಾದರೂ ಮೀಸಲಿಡಲಿಲ್ಲ. ಅವರ ಕಾಲಕ್ಕೆ ಶೇವಿಂಗ್ ಸೋಪು ಇರಲಿಲ್ಲ ಎಂಬ ಸಬೂಬನ್ನು ನಾವು ಒಪ್ಪುವುದಿಲ್ಲ. ಶಾಸ್ತ್ರಕಾರನಾದವನು ಮುಂದಾಲೋಚನೆ ಮಾಡಬೇಕು.

ಸಾವಿರ ವರ್ಷದ ಈ ಕೊರತೆಯನ್ನು ನೀಗಲು ಹೊರಟ ಪ್ರಸ್ತುತ ಗ್ರಂಥಕ್ಕೆ ಕ್ಷೇತ್ರ ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ. ಬೆಂಗಳೂರನ್ನು ಯಾಕೆ ಆರಿಸಿಕೊಳ್ಳಲಿಲ್ಲ ಎಂದು ಕೇಳುವವರಿಗೆ ಉತ್ತರವಿದೆ. ಅಲ್ಲಿ ನೊರೆ ಡಬ್ಬಿಯಿಂದ ಒತ್ತಿದರೆ ಬರುತ್ತದೆ, ಒತ್ತಿದರೆ ಬರುವುದಕ್ಕೆ ಶಾಸ್ತ್ರ ಬೇಡ. ಇಲ್ಲಿಯ ಸಲೂನಿನಲ್ಲಾದರೆ ಬೋರ್ಡು ತೆಲುಗಿನಲ್ಲಿ, ಮೊಬೈಲಿನ ಹಾಡು ಹಿಂದಿಯಲ್ಲಿ, ಬ್ಲೇಡಿನ ರೇಟು ದಖ್ಖನಿಯಲ್ಲಿ, ಕುರ್ಚಿಯಲ್ಲಿ ಕೂತ ಹಿರಿಯರ ಕೆಮ್ಮು ಮತ್ತು ದೂರು ಮಾತ್ರ ಕನ್ನಡದಲ್ಲಿ. ಇಂಥ ಸಂಕರದ ನಡುವೆಯೂ ಬ್ರಷ್ಷು ಬಿಡದೆ ನೊರೆ ಎಬ್ಬಿಸುವವರು ಉಳಿದಿದ್ದಾರೆ. ಸಂಶೋಧನೆಗೆ ವಾರದಲ್ಲಿ ಆರು ದಿನ ಅವಕಾಶ. ಮಂಗಳವಾರ ಅಂಗಡಿ ಬಂದ್ ಇರುವುದರಿಂದ ಅದು ಈ ಶಾಸ್ತ್ರಕ್ಕೆ ಅನಧ್ಯಯನದ ದಿನ.

ಸೂತ್ರ: ನೊರೆಗೆ ನೀರೇ ಕರ್ತೃ, ಸೋಪು ಕರ್ಮ, ಬ್ರಷ್ಷು ಕರಣ, ಕೆನ್ನೆ ಅಧಿಕರಣ.

ವೃತ್ತಿ: ಇದಕ್ಕೆ ಪೂರ್ವಪಕ್ಷಿ ಅಡ್ಡ ಬರುತ್ತಾನೆ. ‘ಸ್ವಾಮಿ, ಹೈದರಾಬಾದಿನಿಂದ ಮುನ್ನೂರು ರೂಪಾಯಿಯ ಕ್ರೀಮು ತರಿಸಿದ್ದೇನೆ. ನೊರೆ ಬರದೆ ಎಲ್ಲಿಗೆ ಹೋಗುತ್ತದೆ?’ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವನ ಬಚ್ಚಲಿನ ಬಕೀಟು ಹೇಳುತ್ತದೆ. ಈ ಸೀಮೆಯ ನೆಲದಡಿ ಇರುವುದು ಹಳೆಯ ಗ್ರಾನೈಟು, ನೈಸು ಬಂಡೆ. ಅದರ ಬಿರುಕಿನಲ್ಲಿ ವರ್ಷಗಟ್ಟಲೆ ಕೂತ ನೀರು ಬೋರಿನಲ್ಲಿ ಮೇಲೆ ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹೊತ್ತೇ ಬರುತ್ತದೆ. ಸೋಪಿನೊಳಗಿನ ಕೊಬ್ಬಿನಾಮ್ಲ ಇನ್ನೂ ಒಂದು ಗುಳ್ಳೆ ಕಟ್ಟುವ ಮೊದಲೇ ಈ ಎರಡು ಲವಣಗಳು ಅದನ್ನು ಹಿಡಿದು, ನೀರಿನಲ್ಲಿ ಕರಗದ ಬಿಳಿ ಗಸಿ ಮಾಡಿಬಿಡುತ್ತವೆ. ಬಕೀಟಿನ ಒಳಮೈಗೆ ಉಗುರಿಗೂ ಬಗ್ಗದೆ ಅಂಟಿಕೊಂಡ ಬಿಳಿ ಗೆರೆ ಇದೆಯಲ್ಲ, ಮುನ್ನೂರು ರೂಪಾಯಿಯಲ್ಲಿ ಬಹುಪಾಲು ಅಲ್ಲಿದೆ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನವನ್ನು ಒಪ್ಪುತ್ತದೆ. ಬೇರೆ ನೀರೇ ಇಲ್ಲದ ಕಡೆ 600ರವರೆಗೂ ಸಹಿಸಿಕೊಳ್ಳುತ್ತದೆ. ಮಾನಕ ಬರೆದವರು ಗಂಟಲನ್ನು ಕೇಳಿದ್ದಾರೆ, ಗದ್ದವನ್ನು ಕೇಳಿಲ್ಲ. ಭೂವಿಜ್ಞಾನಿಗಳಾದರೂ ಕೇಳಿದರೇ? ಅವರು ನಕ್ಷೆಯಲ್ಲಿ ‘ನಾರಾಯಣಪೇಟೆ ಕಿಂಬರ್ಲೈಟ್ ಕ್ಷೇತ್ರ’ ಎಂದು ಗುರುತು ಹಾಕಿ, ಇದು ವಜ್ರ ಹೊತ್ತು ತರುವ ಜಾತಿಯ ಬಂಡೆ ಎಂದು ಹುಡುಕಾಟ ನಡೆಸಿದರು. ಗಡಸು ವಸ್ತುವೇ ಬೇಕಾಗಿದ್ದರೆ ಯಾವ ಓಣಿಯ ಬೋರಿನ ಗುಂಡಿ ಒತ್ತಿದ್ದರೂ ಸಾಕಿತ್ತು.

ಪರಿಹಾರಗಳನ್ನು ಶಾಸ್ತ್ರ ನಿರಾಕರಿಸುವುದಿಲ್ಲ. ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದಲ್ಲಿ ಕೂತ ಸುಣ್ಣದ ಪುಡಿಯನ್ನು ಬಿಟ್ಟು ಮೇಲಿನ ತಿಳಿ ತೆಗೆದುಕೊಂಡರೆ ಬೈಕಾರ್ಬನೇಟಿನ ಗಡಸು ಹೋಗುತ್ತದೆ. ಸಲ್ಫೇಟು, ಕ್ಲೋರೈಡುಗಳ ಗಡಸು ಎಷ್ಟು ಕುದಿಸಿದರೂ ಹೋಗುವುದಿಲ್ಲ, ಅದು ಹಟಮಾರಿ. ಫಿಲ್ಟರ್ ಪ್ಲಾಂಟಿನ 20 ಲೀಟರ್ ಕ್ಯಾನಿನ ನೀರು ಮೃದು. ಆದರೆ ಕುಡಿಯಲು ತಂದದ್ದನ್ನು ಗಡ್ಡಕ್ಕೆ ಹಾಕಿದರೆ ಮನೆಯೊಳಗೆ ಬೇರೆ ಬಗೆಯ ಗಡಸುತನ ಹುಟ್ಟುತ್ತದೆ. ಮಳೆನೀರು ಉತ್ತಮೋತ್ತಮ. ಆದರೆ ಪಾಲಮೂರು ಎಂಬ ಈ ಸೀಮೆಯ ಮಳೆಯನ್ನು ನಂಬಿದವನಿಗೆ ಗಡ್ಡ ಎದೆಯವರೆಗೆ ಇಳಿಯುತ್ತದೆ.

ಈ ಭಾಗದಲ್ಲಿ ನೀರಿನ ಗುಣ ಬಲ್ಲ ಇನ್ನೊಂದು ವರ್ಗವಿದೆ: ರೇಷ್ಮೆ ನೂಲಿಗೆ ಬಣ್ಣ ಹಾಕುವವರು. ನಾರಾಯಣಪೇಟೆಯ ಸೀರೆಗಾಗಲಿ, ಗದ್ವಾಲದ ಹತ್ತಿ ಮೈಯ ಸೀರೆಯ ರೇಷ್ಮೆ ಅಂಚಿಗಾಗಲಿ, ಕಚ್ಚಾ ರೇಷ್ಮೆಯ ಅಂಟು ಬಿಡಿಸದೆ ಬಣ್ಣ ಹಿಡಿಯದು. ಸಾಬೂನು, ಸೋಡಾ ಹಾಕಿದ ಬಿಸಿನೀರಿನಲ್ಲಿ ಲಡಿಯನ್ನು ತಿರುತಿರುಗಿಸಿ ಕುದಿಸಿದಾಗ ಅಂಟು ಕರಗಿ, ಮಂಕಾಗಿದ್ದ ಎಳೆ ಮಿಂಚತೊಡಗುತ್ತದೆ. ನೀರು ಗಡಸಾದರೆ ಸಾಬೂನಿನ ಗಸಿ ಎಳೆಗೆ ಕೂತು, ಮುಂದೆ ಬಣ್ಣ ಅಲ್ಲಲ್ಲಿ ತೇಪೆಯಾಗುತ್ತದೆ. ರೇಷ್ಮೆಯೂ ಪ್ರೋಟೀನು, ಗಡ್ಡದ ಕೂದಲೂ ಪ್ರೋಟೀನು. ಆದರೂ ಭೌಗೋಳಿಕ ಗುರುತಿನ ಮನ್ನಣೆ ಸೀರೆಗಳಿಗೆ ಮಾತ್ರ ಸಿಕ್ಕಿದೆ, ಗಡ್ಡಕ್ಕೆ ಇನ್ನೂ ಯಾರೂ ಅರ್ಜಿ ಹಾಕಿಲ್ಲ.

ಪ್ರಯೋಗ: ನಾರಾಯಣಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಸಲೂನೊಂದರಲ್ಲಿ ಕನ್ನಡಿಯ ಮುಂದೆ ಎರಡು ಮಗ್ಗುಗಳಿದ್ದವು, ಒಂದು ನೀಲಿ, ಒಂದು ಕೆಂಪು. ಬ್ರಷ್ಷು ಯಾವಾಗಲೂ ಕೆಂಪಿನಲ್ಲೇ ಮುಳುಗುತ್ತಿತ್ತು. ಕಾರಣ ಕೇಳಿದ್ದಕ್ಕೆ ಯಜಮಾನರು ಹೇಳಿದರು: ‘ನೀಲಿದು ಬೋರಿಂದ ಸರ, ಕೈ ತೊಳಿಲಿಕ್ಕ. ಕೆಂಪುದು ನಳದ್ದು, ನೊರಿಗೆ. ಎರಡೂ ಕೂಡಿಸಬಾರ್ದು ನೋಡ್ರಿ.’ ನಳದ್ದು ಎಂದರೆ ನದಿಯ ನೀರನ್ನು ಶುದ್ಧ ಮಾಡಿ ಊರೂರಿಗೆ ಹರಿಸುವ ಮಿಷನ್ ಭಗೀರಥದ್ದು. ಹಳೆಯ ಭಗೀರಥ ಗಂಗೆಯನ್ನು ಇಳಿಸಿದ್ದು ಪಿತೃಗಳ ಬೂದಿ ತೊಳೆಯಲಿಕ್ಕೆ. ಹೊಸ ಭಗೀರಥನಿಂದ ಮೊಮ್ಮಕ್ಕಳ ಕೆನ್ನೆಗೂ ಅನುಕೂಲವಾಯಿತು. ಎರಡನ್ನು ಎಂದೂ ಒಂದು ಮಾಡದ ಈ ತತ್ವವನ್ನು ದ್ವೈತ ಎನ್ನದೆ ಬೇರೇನು ಎನ್ನಲಿ?

ಇನ್ನು ಸಂಧಿಪ್ರಕರಣ. ಸೋಪಿಗೆ ನೀರು ಪರವಾದಾಗ ಏನಾಗುತ್ತದೆ? ಕೆಲವರು ಲೋಪಸಂಧಿ ಎನ್ನುತ್ತಾರೆ. ಅವರು ಬೋರಿನ ನೀರಿನವರು. ವಾಸ್ತವದಲ್ಲಿ ಇದು ಆಗಮಸಂಧಿ. ಎರಡರ ನಡುವೆ, ಮೊದಲು ಇಲ್ಲದಿದ್ದ ಗಾಳಿ ಬಂದು ಸೇರುತ್ತದೆ. ಬ್ರಷ್ಷಿನ ಕೂದಲುಗಳು ಗಾಳಿಯನ್ನು ಒಳಗೆ ಎಳೆದು, ದೊಡ್ಡ ಗುಳ್ಳೆಯನ್ನು ಒಡೆದು ಸಣ್ಣದು ಮಾಡಿ, ಸಣ್ಣದನ್ನು ಇನ್ನೂ ಸಣ್ಣದು ಮಾಡುತ್ತ ಹೋಗುತ್ತವೆ. ಕಣ್ಣಿಗೆ ಒಂದು ಗುಳ್ಳೆಯೂ ಕಾಣದ ಸ್ಥಿತಿ ಬಂದಾಗ ಸಂಧಿ ಪೂರ್ಣ.

ಗುಳ್ಳೆಗಳು ಒಂದಕ್ಕೊಂದು ಹೇಗೆ ಕೂಡುತ್ತವೆ ಎಂಬುದನ್ನು ಬೆಲ್ಜಿಯಂನ ಜೋಸೆಫ್ ಪ್ಲಾಟೊ 1873ರ ತನ್ನ ಗ್ರಂಥದಲ್ಲಿ ಹೇಳಿದ. ಕಣ್ಣು ಪೂರ್ತಿ ಹೋದ ಮೇಲೂ ಬೇರೆಯವರ ಕಣ್ಣಿನಿಂದ ನೋಡಿಸಿ ಅವನು ಕಂಡುಕೊಂಡದ್ದು ಇಷ್ಟು: ಸಾಬೂನಿನ ಪೊರೆಗಳು ಒಂದು ಅಂಚಿನಲ್ಲಿ ಮೂರೇ ಸೇರುತ್ತವೆ, 120 ಡಿಗ್ರಿ ಕೋನದಲ್ಲಿ. ನಾಲ್ಕನೆಯದು ಬಂದರೆ ಅಂಚು ನಿಲ್ಲದೆ ಜಾರಿ ಎರಡಾಗುತ್ತದೆ. ಕನ್ನಡ, ತೆಲುಗು, ದಖ್ಖನಿ ಎಂಬ ಮೂರು ಪೊರೆ ಸೇರುವ ಮಕ್ತಲ್ ಈ ನಿಯಮಕ್ಕೆ ಸರಿಯಾಗಿ ಕೂರುತ್ತದೆ. ನಾರಾಯಣಪೇಟೆಯಲ್ಲಿ ಮರಾಠಿಯೂ ಇದೆ. ಪ್ಲಾಟೊ ಲೆಕ್ಕದಲ್ಲಿ ಅಂಥ ಊರು ನಿಲ್ಲಬಾರದು. ನಿಂತಿದೆ. ಬೆಲ್ಜಿಯಂನವರು ಬಂದು ನೋಡಬಹುದು.

ಆಮೇಲೆ 1887ರಲ್ಲಿ ಲಾರ್ಡ್ ಕೆಲ್ವಿನ್ ಒಂದು ಪ್ರಶ್ನೆ ಎತ್ತಿದ: ಸಮಗಾತ್ರದ ಗುಳ್ಳೆಗಳು ಸಂದು ಬಿಡದೆ ಜಾಗ ತುಂಬಬೇಕು, ಪೊರೆ ಮಾತ್ರ ಅತ್ಯಂತ ಕಡಿಮೆ ಖರ್ಚಾಗಬೇಕು, ಗುಳ್ಳೆಯ ಆಕಾರ ಯಾವುದು? ಹದಿನಾಲ್ಕು ಮುಖದ ಆಕೃತಿ ಎಂದು ಅವನೇ ಉತ್ತರಿಸಿದ. ನೂರಕ್ಕೂ ಹೆಚ್ಚು ವರ್ಷ ಅದೇ ನಡೆಯಿತು. 1993ರಲ್ಲಿ ಡಬ್ಲಿನ್ನಿನ ವೇರ್ ಮತ್ತು ಫೆಲನ್ ಎಂಬಿಬ್ಬರು ಎರಡು ಬಗೆಯ ಗುಳ್ಳೆ ಬೆರೆಸಿ ಶೇಕಡಾ 0.3ರಷ್ಟು ಪೊರೆ ಉಳಿಸಿ ತೋರಿಸಿದರು. 2008ರ ಬೀಜಿಂಗ್ ಒಲಿಂಪಿಕ್ಸಿನ ಈಜುಕೊಳದ ಕಟ್ಟಡಕ್ಕೆ ಆ ವಿನ್ಯಾಸವೇ ಆಧಾರ. ಶೇಕಡಾ 0.3 ಉಳಿತಾಯಕ್ಕೆ ನೂರು ವರ್ಷ ತಲೆ ಕೆಡಿಸಿಕೊಂಡ ಈ ಪರಂಪರೆಯ ಮೂಲಪುರುಷ ಕೆಲ್ವಿನ್‌ನ ಭಾವಚಿತ್ರವನ್ನು ಓದುಗರು ಒಮ್ಮೆ ನೋಡಬೇಕು. ತುಂಬು ಗಡ್ಡ! ಆ ಮನುಷ್ಯನಿಗೆ ಬೆಳಗಿನ ನೊರೆಯ ಗೊಡವೆಯೇ ಇರಲಿಲ್ಲ.

ಇಲ್ಲಿಂದ ಪ್ರಬಂಧಕಾರನ ಮುಖ್ಯ ಶೋಧ ಹುಟ್ಟುತ್ತದೆ. ನೊರೆಯ ವಿಚಾರದಲ್ಲಿ ಮಾತನಾಡುವ ಅಧಿಕಾರ ಯಾವಾಗಲೂ ಗಡ್ಡ ಬಿಟ್ಟವರ ಕೈಯಲ್ಲಿದೆ. ಗೋದ್ರೇಜ್ ಸಾಬೂನಿಗೆ ಮೆಚ್ಚುಗೆಯ ಮಾತು ಕೊಟ್ಟು ಜಾಹೀರಾತಿನಲ್ಲಿ ಕಾಣಿಸಿಕೊಂಡವರು ರವೀಂದ್ರನಾಥ ಠಾಕೂರರು. ಅವರ ಗಡ್ಡಕ್ಕೆ ಪರಿಚಯ ಬೇಡ. ಅದೇ ಕಂಪನಿಯ ಶೇವಿಂಗ್ ರೌಂಡನ್ನು ದಿನಾ ತಿಕ್ಕಿದ ಗುಮಾಸ್ತರ ಅಭಿಪ್ರಾಯ ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. ಈ ಸೀಮೆಯ ಭವಿಷ್ಯ ಬರೆದದ್ದೂ ಅದೇ ಬಗೆಯಲ್ಲಿ. 1953ರಲ್ಲಿ ನೇಮಕವಾದ ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರಲ್ಲಿ ಸರ್ದಾರ್ ಕೆ. ಎಂ. ಪಣಿಕ್ಕರ್ ಒಬ್ಬರು. ಅವರ ಮೊನಚು ಗಡ್ಡ ಆ ಕಾಲದ ಫೋಟೋಗಳಲ್ಲಿ ಎದ್ದು ಕಾಣುತ್ತದೆ. ಆಯೋಗ 1955ರಲ್ಲಿ ವರದಿ ಕೊಟ್ಟಿತು. ಭಾಷೆ, ಆದಾಯ, ಆಡಳಿತ, ದೇಶದ ಐಕ್ಯ ಎಲ್ಲ ತೂಗಿದ ಅದರಲ್ಲಿ ನೊರೆ ಎಂಬ ಶಬ್ದಕ್ಕೆ ಜಾಗ ಸಿಗಲಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ಅಲ್ಲಿಯವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಮಕ್ತಲ್, ನಾರಾಯಣಪೇಟೆ ಮೆಹಬೂಬ್‌ನಗರ ಜಿಲ್ಲೆಯ ಜೊತೆಗೆ ಹೋದವು. ರಾಯಚೂರು ಮೈಸೂರಿಗೆ ಬಂತು. ಆಮೇಲೆ 2016ರಲ್ಲಿ ಜೋಗುಲಾಂಬ ಗದ್ವಾಲ ಜಿಲ್ಲೆ, 2019ರಲ್ಲಿ ನಾರಾಯಣಪೇಟೆ ಜಿಲ್ಲೆ. ಎಷ್ಟು ಸಲ ಗೆರೆ ಎಳೆದರೂ ಬೋರಿನ ನೀರು ಎಲ್ಲಿತ್ತೋ ಅಲ್ಲೇ ಇದೆ.

ಗೆರೆಯನ್ನು ನೊರೆಯ ಆಧಾರದ ಮೇಲೆ ಎಳೆಯಬೇಕಿತ್ತು. ಕೃಷ್ಣೆಯ ನೀರು ಮುಟ್ಟುವ ಊರುಗಳೆಲ್ಲ ಒಂದು ರಾಜ್ಯ, ಎಡದಂಡೆ ಬಲದಂಡೆ ಭೇದವಿಲ್ಲದೆ. ದೇವಸೂಗೂರಿನ ಸೇತುವೆಯ ಆಚೆಗೂ ಈಚೆಗೂ, ಕೃಷ್ಣಾ ರೈಲ್ವೆ ಸ್ಟೇಷನ್ನಿನ ಸುತ್ತಲ ಕನ್ನಡ ಹಳ್ಳಿಗಳಿಗೂ, ಜುರಾಲಾ ಡ್ಯಾಮಿನ ಕೆಳಗಿನವರಿಗೂ ಒಂದೇ ವಿಧಾನಸಭೆ. ಬೋರಿನವರೆಲ್ಲ ಇನ್ನೊಂದು ರಾಜ್ಯ. ಅದರ ಲಾಂಛನ ಬಿಳಿ ಗೆರೆಯ ಬಕೀಟು. ಎರಡು ನದಿಗಳ ನಡುವೆ ಇದ್ದೂ ಬೋರು ತೋಡಿಕೊಂಡಿರುವ ನಡಿಗಡ್ಡದ ಮಂದಿಯನ್ನು ಯಾವುದಕ್ಕೆ ಸೇರಿಸಬೇಕೆಂಬುದು ವಿವಾದಿತ ವಿಷಯ. ಅದಕ್ಕೆ ಪ್ರತ್ಯೇಕ ಆಯೋಗ ಬೇಕು.

ಛಂದಸ್ಸಿನ ಮಾತು ಬಿಟ್ಟರೆ ಪಂಡಿತರು ಕ್ಷಮಿಸರು. ಕಂದಪದ್ಯದ ಮೊದಲ ಪಾದಕ್ಕೆ 12 ಮಾತ್ರೆ. ಕೊಬ್ಬರಿ ಎಣ್ಣೆಯಿಂದ ಸೋಪಿಗೆ ಬರುವ ಲಾರಿಕ್ ಆಮ್ಲಕ್ಕೆ 12 ಇಂಗಾಲ. ಇದನ್ನು ಕಾಕತಾಳೀಯ ಎನ್ನುವವರು ಮುಂದೆ ಓದಬೇಕಿಲ್ಲ. ಲಾರಿಕ್ಕಿನ ನೊರೆ ಬೇಗ ಏಳುತ್ತದೆ, ಗುಳ್ಳೆ ದೊಡ್ಡದು, ಬೇಗ ಇಳಿಯುತ್ತದೆ, ಅದು ಹ್ರಸ್ವ. ಕೆನ್ನೆಯ ಮೇಲೆ ಕೂತು ಉಳಿಯುವ ಸಣ್ಣ ಗುಳ್ಳೆಯ ನೊರೆಗೆ ಸ್ಟಿಯರಿಕ್ ಆಮ್ಲ ಬೇಕು. ಅದಕ್ಕೆ 18 ಇಂಗಾಲ. ಒಳ್ಳೆಯ ಶೇವಿಂಗ್ ಸೋಪಿನಲ್ಲಿ ಇದೇ ಹೆಚ್ಚು. ಜೊತೆಗೆ, ಸೋಡಿಯಂ ಕ್ಷಾರವೊಂದೇ ಇದ್ದರೆ ಸೋಪು ಕಲ್ಲಾಗುತ್ತದೆಂದು ಪೊಟ್ಯಾಸಿಯಂ ಕ್ಷಾರವನ್ನೂ ಹಾಕಿರುತ್ತಾರೆ. ಆದರೆ ಕಂದದ ಎರಡನೆಯ ಪಾದಕ್ಕೆ 20 ಮಾತ್ರೆ ಬೇಕಲ್ಲ? ಎರಡು ಕಡಿಮೆ ಬಿತ್ತು. ಛಂದೋಭಂಗ! ಪಾಶ್ಚಾತ್ಯ ಸೋಪು ತಯಾರಕರಿಗೆ ಹೊಳೆಯದ ಪರಿಹಾರ ಗದ್ವಾಲದ ಹೊಲದಲ್ಲೇ ಇದೆ. ಶೇಂಗಾ ಎಣ್ಣೆಯಲ್ಲಿ ಅಲ್ಪ ಪ್ರಮಾಣದಲ್ಲಿರುವ ಅರಾಕಿಡಿಕ್ ಆಮ್ಲಕ್ಕೆ ಸರಿಯಾಗಿ 20 ಇಂಗಾಲ. ಕೊಬ್ಬರಿ ಕರಾವಳಿಯಿಂದ, ಶೇಂಗಾ ಗದ್ವಾಲದಿಂದ ತಂದು ಬೆರೆಸಿದರೆ ಕನ್ನಡದ ಮೊಟ್ಟಮೊದಲ ಕಂದಬದ್ಧ ನೊರೆ ಸಿದ್ಧವಾಗುತ್ತದೆ. ಪ್ರಾಸಸ್ಥಾನದಲ್ಲಿ ಬ್ಲೇಡು.

ಅನಿತ್ಯತೆಯ ಬಗ್ಗೆಯೂ ಒಂದು ಮಾತು. ಶರಣರಿಗೂ ದಾಸರಿಗೂ ನೀರಗುಳ್ಳೆ ಎಂದರೆ ಬದುಕಿನ ಕ್ಷಣಿಕತೆಗೆ ಕೈಗೆಟಕುವ ದೃಷ್ಟಾಂತ. ಗೋಪಾಲದಾಸರು ನೆಲೆಸಿದ್ದ ಉತ್ತನೂರು ಗದ್ವಾಲ ಸೀಮೆಯದೇ ಆದ್ದರಿಂದ ಇಲ್ಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅವರು ಕಂಡದ್ದು ಬರಿಯ ನೀರಿನ ಗುಳ್ಳೆ. ಸ್ಟಿಯರೇಟು, ಗ್ಲಿಸರಿನ್ ಸೇರಿದ ಗುಳ್ಳೆ ಯಜಮಾನರು ಎರಡು ಕೆನ್ನೆ ಮುಗಿಸಿ, ಮಗಳ ಫೋನು ಎತ್ತಿ, ಭತ್ತದ ರೇಟು ಮಾತಾಡಿ ಬರುವವರೆಗೂ ಒಡೆಯುವುದಿಲ್ಲ. ವೈರಾಗ್ಯಶಾಸ್ತ್ರದ ಈ ಅಧ್ಯಾಯವನ್ನು ಪರಿಷ್ಕರಿಸಬೇಕು.

ಸೂತ್ರ: ಮಾರ್ಗವೆಂದೂ ದೇಸಿಯೆಂದೂ ನೊರೆ ಎರಡು ತೆರ.

ವೃತ್ತಿ: ಬಟ್ಟಲಿನಲ್ಲಿ ನೊರೆ ಎಬ್ಬಿಸಿ ಕೆನ್ನೆಗೆ ಸಾಗಿಸುವುದು ಮಾರ್ಗ. ಕೆನ್ನೆಯ ಮೇಲೆಯೇ ಎಬ್ಬಿಸುವುದು ದೇಸಿ. ಮಾರ್ಗದವರದು ಹೀಗೆ: ಬ್ರಷ್ಷನ್ನು ಬೆಚ್ಚಗಿನ ನೀರಿನಲ್ಲಿ ಒಂದೆರಡು ನಿಮಿಷ ನೆನೆಸು, ಹಂದಿಗೂದಲಿನದಾದರೆ ಇನ್ನಷ್ಟು ಹೊತ್ತು, ಮೆಲ್ಲಗೆ ಜಾಡಿಸು, ಸೋಪಿನ ಬಿಲ್ಲೆಯ ಮೇಲೆ ಅರ್ಧ ನಿಮಿಷ ಸುತ್ತು, ಬಟ್ಟಲಿಗೆ ಬಂದು ಒಂದೊಂದೇ ಹನಿ ನೀರು ಕೊಡುತ್ತ ತಿರುಗಿಸು. ಹನಿಗಳನ್ನು ಒಟ್ಟಿಗೆ ಸುರಿದವನು ಕೆಟ್ಟ. ದೇಸಿಯಲ್ಲಿ ಬಟ್ಟಲಿಲ್ಲ. ನಮ್ಮ ಯಜಮಾನರು ಸ್ಪ್ರೇ ಬಾಟಲಿಯಿಂದ ಎರಡು ಸಲ ಪಿಚಕಾರಿ ಹೊಡೆದು, ಅಂಗೈಯಲ್ಲಿ ಗಡ್ಡವನ್ನು ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಉಜ್ಜಿ, ವಿ-ಜಾನ್ ಟ್ಯೂಬಿನಿಂದ ಶೇಂಗಾಬೀಜದಷ್ಟು ಕ್ರೀಮನ್ನು ಕಿವಿಯ ಕೆಳಗೊಂದು, ಗದ್ದಕ್ಕೊಂದು ಇಟ್ಟರು. ಬ್ರಷ್ಷು ಕೆಂಪು ಮಗ್ಗಿನಲ್ಲಿ ಮುಳುಗಿ ಎದ್ದು ಅಂಚಿಗೆ ಒರೆಸಿಕೊಂಡು ಬಂತು. ಮೊದಲು ಕೆನ್ನೆಯ ಮೇಲೆ ಸುತ್ತು. ಬಿಳಿ ತೆಳ್ಳಗೆ ಹರಡಿತು, ಗುಳ್ಳೆ ಕಂಡವು. ಮತ್ತೆ ಬ್ರಷ್ಷಿನ ತುದಿ ಮಾತ್ರ ನೀರಿಗೆ. ಈ ಸಲ ಗುಳ್ಳೆ ಮಾಯವಾಗಿ ಮೇಲ್ಮೈ ಹೊಳೆಯಿತು. ಕೊನೆಗೆ ಸುತ್ತುವುದನ್ನು ಬಿಟ್ಟು ಬಣ್ಣ ಬಳಿಯುವ ಹಾಗೆ ಆಚೆಗೊಂದು ಈಚೆಗೊಂದು ಎಳೆದರು. ಎಲ್ಲ ಸೇರಿ ಒಂದು ಹಾಡಿನ ಪಲ್ಲವಿ ಮುಗಿಯುವಷ್ಟು ಹೊತ್ತು.

ನೊರೆ ಮೊಸರಿನ ಹದಕ್ಕೆ ಬರಬೇಕೆಂಬುದು ಎರಡೂ ಪಂಥಗಳಿಗೆ ಒಪ್ಪಿತ. ಯಾವ ಮೊಸರು ಎಂಬಲ್ಲಿ ಜಗಳ. ಪಾಕೀಟಿನ ಮೊಸರು ಎನ್ನುವುದು ಅರ್ವಾಚೀನರ ಮತ. ಸಂಜೆ ಹೆಪ್ಪು ಹಾಕಿದ ಎಮ್ಮೆಯ ಮೊಸರನ್ನು ಬೆಳಿಗ್ಗೆ ಒಮ್ಮೆ ಮಾತ್ರ ಕಲಕಿದಾಗಿನ ಹದ ಎಂಬುದು ಸಿದ್ಧಾಂತ. ಅದಕ್ಕಿಂತ ಗಟ್ಟಿಯಾದರೆ ಶುಷ್ಕದೋಷ, ಬ್ಲೇಡು ತೊಡರಿ ಎಳೆಯುತ್ತದೆ. ತೆಳುವಾದರೆ ಜಲದೋಷ, ನೊರೆ ಕೊರಳಿಳಿದು ಬನಿಯನ್ನಿಗೆ ಹೋಗುತ್ತದೆ. ಉಳಿದ ದೋಷಗಳನ್ನು ಓದುಗರೇ ಊಹಿಸಿಕೊಳ್ಳಬೇಕು.

ಇಷ್ಟೆಲ್ಲ ಯಾಕೆ ಎಂದರೆ, ನೊರೆಯ ನಿಜವಾದ ಕೆಲಸ ನೀರನ್ನು ಕೆನ್ನೆಯ ಮೇಲೆ ಹಿಡಿದಿಡುವುದು. ಕೂದಲು ಒಣಗಿದ್ದಾಗ ತಂತಿ. ಎರಡು ಮೂರು ನಿಮಿಷ ಬೆಚ್ಚಗಿನ ನೀರು ಕುಡಿದರೆ ಉಬ್ಬಿ ಮೆತ್ತಗಾಗಿ ಸುಲಭವಾಗಿ ತುಂಡಾಗುತ್ತದೆ. ಹಿಂದೆ ಹಳ್ಳಿಗಳಲ್ಲಿ ಬೇವಿನ ಗಿಡದ ಕೆಳಗೆ ಕೂರಿಸಿ ಬರೀ ನೀರು ಹಚ್ಚಿ ಗಡ್ಡ ತೆಗೆಯುತ್ತಿದ್ದವರಿಗೆ ಇದು ಗೊತ್ತಿತ್ತು. ಅವರು ಗಟ್ಟಿ ಹೆಬ್ಬೆರಳಿನಿಂದ ಅಷ್ಟು ಹೊತ್ತು ತಿಕ್ಕುತ್ತಿದ್ದುದು ನೀರನ್ನು ಒಳಗೆ ಇಳಿಸಲಿಕ್ಕೇ. ಈ ದೃಷ್ಟಿಯಿಂದ ಸೋಪು ಅನಿವಾರ್ಯವಲ್ಲ, ನೀರು ಓಡಿಹೋಗದಂತೆ ನೇಮಿಸಿದ ಕಾವಲುಗಾರ.

ನಾಸ್ತಿಕದರ್ಶನವನ್ನು ಖಂಡಿಸದೆ ಗ್ರಂಥ ಮುಗಿಸುವಂತಿಲ್ಲ. ಟ್ರಿಮ್ಮರ್ ಹಿಡಿದ ಲೋಕಾಯತಿಕರು ನೊರೆಯೇ ಇಲ್ಲ, ನೀರೂ ಇಲ್ಲ, ಕರೆಂಟು ಒಂದೇ ಪ್ರಮಾಣ ಎನ್ನುತ್ತಾರೆ. ‘ಬಿಯರ್ಡ್ ಸೆಟ್ಟಿಂಗ್’ ಮಾಡಿಸಿಕೊಂಡು ಗಡ್ಡ ಉಳಿಸಿಕೊಳ್ಳಲೆಂದೇ ದುಡ್ಡು ಕೊಡುತ್ತಾರೆ. ತೆಲಂಗಾಣ ಸರಕಾರ 2021ರ ಏಪ್ರಿಲ್‌ನಿಂದ ನಾಯೀಬ್ರಾಹ್ಮಣರ ಸಲೂನುಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ವಿದ್ಯುತ್ತನ್ನು ಪುಕ್ಕಟೆ ಮಾಡಿತು. ಅಂಗಡಿಯವರಿಗೆ ಅದರಿಂದ ಅನುಕೂಲವಾದರೆ ಪ್ರಬಂಧಕಾರನಿಗೆ ಸಂತೋಷವೇ. ಆದರೆ ಶಾಸ್ತ್ರದ ದೃಷ್ಟಿಯಲ್ಲಿ ಅದು ಟ್ರಿಮ್ಮರಿಗೆ ಸಿಕ್ಕ ರಾಜಾಶ್ರಯ. ಬ್ರಷ್ಷಿಗೆ ಯೂನಿಟ್ಟಿಲ್ಲ, ನೊರೆಗೆ ಸಬ್ಸಿಡಿಯಿಲ್ಲ.

ಈ ಖಂಡನೆಯನ್ನು ಪ್ರಬಂಧಕಾರ ಕುರ್ಚಿಯಲ್ಲಿ ಕೂತೇ ಗಟ್ಟಿಯಾಗಿ ಮಂಡಿಸುತ್ತಿದ್ದ. ಯಜಮಾನರು ಬ್ಲೇಡನ್ನು ಅದರ ಕಾಗದದೊಳಗೇ ಮಡಚಿ ಟಕ್ಕೆಂದು ಎರಡು ಹೋಳು ಮಾಡಿ, ಒಂದನ್ನು ಉಸ್ತರಾಕ್ಕೆ ಸೇರಿಸಿ, ಇನ್ನೊಂದನ್ನು ಮುಂದಿನ ಗಿರಾಕಿಗೆ ಪಕ್ಕಕ್ಕಿಟ್ಟರು. ಮುಂದಿನ ಗಿರಾಕಿ ಗಡ್ಡ ಬಿಟ್ಟ ಹುಡುಗ, ಮೊಬೈಲ್ ನೋಡುತ್ತ ಕೂತಿದ್ದ. ಪ್ರಬಂಧಕಾರ ಅವನತ್ತ ತಿರುಗಿ ಮೇಲ್ತುಟಿ ಪ್ರಕರಣಕ್ಕೆ ಪೀಠಿಕೆ ಹಾಕಿದ: ಮೀಸೆಯ ಅಂಚಿನಲ್ಲಿ ನೊರೆ ಮಾರ್ಗವೋ ದೇಸಿಯೋ, ಮೂಗಿನ ಕೆಳಗಿನ ಗುಣಿಯಲ್ಲಿ ಕೆಲ್ವಿನ್‌ನ ಲೆಕ್ಕ ನಡೆಯುತ್ತದೋ ಇಲ್ಲವೋ, ಈ ವಿಷಯದಲ್ಲಿ ಹಿಂದಿನ ಆಚಾರ್ಯರೆಲ್ಲ ಮೌನ ತಾಳಿದ್ದಕ್ಕೆ ಕಾರಣವೇನು...

‘ಸರ,’ ಎಂದರು ಯಜಮಾನರು, ಬ್ರಷ್ಷನ್ನು ಮೂಗಿನ ಹತ್ತಿರ ತಂದು, ‘ಬಾಯಿ ಮುಚ್ರಿ. ನೊರಿ ಒಳಗ ಹೋಗ್ತದ.’